ಪಡೆ ಓಡಿತು

ಪ್ರೂಫಿನ ಕೊನೆಯ ಹಾಳೆಯಲ್ಲಿ ಒಂದೇ ಒಂದು ಪದವನ್ನು ಹೊಡೆದುಹಾಕಿದ್ದರು. ‘ಕತ್ತಲಾಯಿತು, ನಮ್ಮ ಪಡೆ ಹಿಂದಿರುಗಿತು’ ಎಂದು ಎಲಿನಾಲ ಬರೆದಿದ್ದಳು. ‘ಹಿಂದಿರುಗಿತು’ ಎಂಬುದರ ಮೇಲೆ ಕೆಂಪು ಗೆರೆ, ಪಕ್ಕದಲ್ಲಿ ದುಂಡಗೆ ‘ಓಡಿತು’. ಕೆಳಗೆ ಸಹಿ: ಕಸೊಂದೆ, ಪ್ರೂಫ್ ನೋಡುವವನು.

ಸಹಿ ಕಂಡದ್ದೇ ಎಲಿನಾಲಳ ಮೈ ಉರಿಯಿತು. ಕಸೊಂದೆ ಎಂದರೆ ಬೆಂಬ ಬುಡಕಟ್ಟಿನವನ ಹೆಸರು. ತನ್ನ ಅಂಗೋನಿ ಜನ ಬೆಂಬದವರ ಮೇಲೆ ಮಾಡಿದ ಕಾಳಗದ ಬಗ್ಗೆ ಅವಳು ಬರೆದ ಕಾದಂಬರಿಯನ್ನು ಲುಸಾಕ ನಗರದ ಮುದ್ರಣಾಲಯದವರು ತಿದ್ದಲು ಕೊಟ್ಟದ್ದು ಒಬ್ಬ ಬೆಂಬದವನಿಗೆ. ಶುಕ್ರವಾರ ಅಚ್ಚಿಗೆ ಹೋಗುತ್ತದೆ. ಆಮೇಲೆ ಆ ಪದ ಇವಳು ಸತ್ತರೂ ಅಲ್ಲೇ ಇರುತ್ತದೆ. ಆ ಪಡೆಯಲ್ಲಿ ಇದ್ದವನು ಬೇರೆ ಯಾರೋ ಅಲ್ಲ, ಅವಳ ತಾತ.

ತಾತನನ್ನು ಅವಳು ನೋಡಿದ್ದಳು. ಎತ್ತರದ ಆಳು, ಬೊಗಸೆಯಗಲದ ಪಾದ. ಸಂಜೆ ದನದ ದೊಡ್ಡಿಯ ಬಾಗಿಲಲ್ಲಿ ಕುಳಿತು ಕಾಳಗದ ಕಥೆ ಹೇಳುತ್ತಿದ್ದ. ‘ಕಣಜಗಳ ಹತ್ತಿರ ಬಂದ್ವಿ...’ ಎನ್ನುವಲ್ಲಿಗೆ ಬಂದರೆ ಮುಗಿಯಿತು, ನಗು ಹತ್ತಿ, ನಗು ಕೆಮ್ಮಾಗಿ, ಕಥೆ ಅಲ್ಲೇ ನಿಲ್ಲುತ್ತಿತ್ತು. ಮುಂದೇನು ಎಂದು ಕೇಳಿದರೆ ಹಸು ಕಟ್ಟಲು ಹೋಗಿಬಿಡುತ್ತಿದ್ದ. ಅವನು ಸೀನಿದಾಗಲೆಲ್ಲ ಅಡುಗೆ ಗುಡಿಸಲಿನಿಂದ ಅಜ್ಜಿ, ‘ಮೆಲ್ಲಗೆ, ಬೆಂಬದವರಿಗೆ ಕೇಳೀತು’ ಎನ್ನುತ್ತಿದ್ದಳು. ಎಲ್ಲರ ಮನೆಯಲ್ಲೂ ಸೀನಿಗೆ ಹೀಗೇ ಹೇಳುತ್ತಾರೆ ಎಂದು ಎಲಿನಾಲ ತಿಳಿದಿದ್ದಳು.

ಮಿಷನ್ ಶಾಲೆಯಲ್ಲಿ ಆರು ಓದಿ, ಅದೇ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಸಿದವಳು ಅವಳು. ಗಂಡ ತಾಮ್ರದ ಗಣಿಯಲ್ಲಿದ್ದಷ್ಟು ಕಾಲವೂ ಮಕ್ಕಳ ಹಳೆಯ ನೋಟ್‌ಬುಕ್ಕುಗಳ ಹಿಂಬದಿಯಲ್ಲಿ ಕಾದಂಬರಿ ಬರೆದಳು. ಮುದುಕಿಯರು ಶೇಂಗಾ ಸುಲಿಯಲು ಕುಳಿತಲ್ಲೆಲ್ಲ ಹೋಗಿ ಕುಳಿತು ಹಳೆಯ ಸಂಗತಿ ಕೆದಕಿದಳು. ಬರೆಯುವ ಭರದಲ್ಲಿ ಎಷ್ಟು ಸಲ ಹುರುಳಿಕಾಯಿ ಸೀದುಹೋಯಿತೋ ಲೆಕ್ಕವಿಲ್ಲ. ಹನ್ನೊಂದು ವರ್ಷ ಹಿಡಿಯಿತು. ಕೊನೆಯ ಅಧ್ಯಾಯ ಮಾತ್ರ ಏಳು ಸಲ ಬರೆದರೂ ಬೆಂದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಹಾಳೆ ಮಡಿಸಿಕೊಂಡು, ದಾರಿಯ ಊಟಕ್ಕೆ ಮುದ್ದೆಯನ್ನೂ ಕಡ್ಡಿಗೆ ಚುಚ್ಚಿದ ಒಣಗಿಸಿದ ಇಲಿಗಳನ್ನೂ ಕಟ್ಟಿಕೊಂಡು, ತನ್ನೂರು ಚಿಪಾಟದಲ್ಲಿ ಬಸ್ಸು ಹತ್ತಿದಳು. ಬುಧವಾರ ಬೆಳಗ್ಗೆ ಮುದ್ರಣಾಲಯದ ಬಾಗಿಲಲ್ಲಿದ್ದಳು.

“ಯಾರಯ್ಯಾ ಇಲ್ಲಿ ಕಸೊಂದೆ ಅಂದ್ರೆ?”

ಕಾಗದದ ರಾಶಿಯ ಹಿಂದಿನಿಂದ ಒಬ್ಬ ಬಡಕಲು ಮನುಷ್ಯ ಎದ್ದು ಅವಳ ಕೈಯಲ್ಲಿದ್ದ ಪ್ರೂಫ್ ಹಾಳೆ ನೋಡಿದ. ಕನ್ನಡಕದ ಒಂದು ಕಡೆ ಕಡ್ಡಿಯ ಬದಲು ದಾರ.

“ಅದಕ್ಕೇ ಇಲಿ ವಾಸನೆ ಬಂತು. ಬನ್ನಿ ಅಕ್ಕ, ಕೂತ್ಕೊಳ್ಳಿ. ಅಷ್ಟು ದೂರದಿಂದ ನಡ್ಕೊಂಡು ಬಂದ್ರೋ, ಅಭ್ಯಾಸದಂತೆ ಓಡ್ಕೊಂಡು ಬಂದ್ರೋ?”

ಅಚ್ಚಿನ ಮೊಳೆ ಜೋಡಿಸುತ್ತಿದ್ದವರು ಕೈ ನಿಲ್ಲಿಸಿದರು. ಯಾರಿಗೆ ತಾನೆ ಬೇಡ ಇಂಥ ತಮಾಷೆ. ಅಂಗೋನಿಯರೂ ಬೆಂಬದವರೂ ನೂರು ವರ್ಷದ ಹಿಂದೆ ಹೊಡೆದಾಡಿ ಸುಸ್ತಾಗಿ, ಕೊನೆಗೆ ಗೇಲಿಯ ನಂಟರಾದವರು. ಎಲ್ಲಿ ಸಿಕ್ಕರೂ, ಸಾವಿನ ಮನೆಯಲ್ಲಿ ಸಿಕ್ಕರೂ, ಒಬ್ಬರನ್ನೊಬ್ಬರು ಹಂಗಿಸಬಹುದು. ಸಿಟ್ಟು ಮಾತ್ರ ಮಾಡುವಂತಿಲ್ಲ. ಸಿಟ್ಟು ಮಾಡಿದವರು ಒಂದು ಕೋಳಿ ತೆರಬೇಕು.

“ಕೋತಿ ತಿನ್ನೋ ಬಾಯಲ್ಲಿ ಒಳ್ಳೆ ಮಾತು ಎಲ್ಲಿಂದ ಬರ್ಬೇಕು” ಎಂದಳು ಎಲಿನಾಲ. “ನಾನು ಬರೆದ ಪದ ಹೊಡಿ ಅಂತ ನಿಂಗ್ಯಾರು ಹೇಳಿದ್ರು?”

“ತಪ್ಪು ತಿದ್ದೋದಕ್ಕೇ ಸಂಬಳ ಕೊಡ್ತಾರೆ ಅಕ್ಕ. ಕಾಗುಣಿತ ತಪ್ಪಿತ್ತು, ತಿದ್ದಿದೆ.”

“ಮೂವತ್ತು ವರ್ಷ ಕಾಗುಣಿತ ಕಲಿಸಿದೋಳು ನಾನು.”

“ಅಯ್ಯೋ, ಅದೂ ಮಾವನ ಮನೆ ಭಾಷೇದು. ಗೆದ್ದ ಊರುಗಳಲ್ಲಿ ಹೆಣ್ಣು ತಂದು, ಹೆಂಡ್ತೀರ ಮಾತೇ ಕಲ್ತು ಸ್ವಂತ ಭಾಷೆ ಕಳ್ಕೊಂಡೋರು ನೀವು. ಈಟಿ ಜತೆಗೆ ನಾಲಿಗೇನೂ ಅಲ್ಲೇ ಇಟ್ಟು ಬಂದ್ರಿ.”

“ನಮ್ಮ ತಾತ ಓಡಿಲ್ಲ ಕಣೋ” ಎಂದು ಎಲಿನಾಲ ಮೇಜಿಗೆ ಗುದ್ದಿದಳು. ಸೀಸದ ಮೊಳೆಗಳು ನೆಗೆದು ಬಿದ್ದವು.

“ಕೋಳಿ” ಎಂದರು ಎಲ್ಲರೂ ಒಟ್ಟಿಗೆ.

ಎಲಿನಾಲ ಸುತ್ತ ನೋಡಿದಳು. ಗುದ್ದಿದ ಕೈ ನೋಯುತ್ತಿತ್ತು. ಬೆಂಚು ಎಳೆದುಕೊಂಡು ಕುಳಿತಳು. ಕಸೊಂದೆ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದ.

“ತಮಾಷೆ ಬಿಟ್ಟು ಹೇಳ್ತೀನಿ ಅಕ್ಕ. ಮೂರು ಸಲ ಓದಿದೆ ನಿಮ್ಮ ಪುಸ್ತಕ. ದನ ಹೊಳೆ ದಾಟೋ ಕಡೆ ಬಸ್ಸಲ್ಲಿ ಓದ್ತಾ ಓದ್ತಾ ನಾನಿಳಿಯೋ ಸ್ಟಾಪೇ ದಾಟಿಹೋಯ್ತು. ಆದರೆ ಈ ಕೊನೇ ಹಾಳೆ ಇದ್ಯಲ್ಲ, ಇದು ಸುಳ್ಳು. ಮುಂದೇನಾಯ್ತು ಅಂತ ನಿಮಗೇ ಗೊತ್ತಿಲ್ಲ. ಅದಕ್ಕೆ ಕತ್ತಲು ಮಾಡಿಬಿಟ್ರಿ.”

ಎಲಿನಾಲ ಹಾಳೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟಳು.

“ನಿಂಗೊತ್ತೇನು?”

“ನಮ್ಮೂರಲ್ಲಿ ಹಾಲು ಕುಡಿಯೋ ಕೂಸಿಗೂ ಗೊತ್ತು. ನಿಮ್ಮವರು ಓಡಿದ್ರು, ನಮ್ಮ ಗಂಡಸರು ಅಟ್ಟಿಸ್ಕೊಂಡು ಹೋದ್ರು. ಊರಲ್ಲಿ ಉಳಿದೋರು ಹೆಂಗಸರೇ. ಒಬ್ಬ ಅಂಗೋನಿ ಹುಡುಗ ದಾರಿ ತಪ್ಪಿ ಬಂದು ರಾಗಿ ಕಣಜದೊಳಗೆ ಇಳಿದು ಕೂತಿದ್ದ. ಸುಮ್ನೆ ಕೂತಿದ್ರೆ ಬಚಾವಾಗ್ತಿದ್ದ. ರಾಗಿ ಧೂಳು ನೋಡಿ, ಮೂಗಿಗೆ ಹೋಯ್ತು. ಒಂದು ಸೀನು ಸೀನಿದ, ಕಣಜದ ಮುಚ್ಚಳ ಹಾರ್ತಂತೆ.”

ಎಲಿನಾಲ ಮುಂದಕ್ಕೆ ಬಾಗಿದಳು.

“ಕಾಲು ಹಿಡಿದು ಎಳೆದ್ರಂತೆ. ಒಂದೊಂದು ಪಾದ ಮೊರದಗಲ ಇತ್ತಂತೆ. ಕೊಲ್ಲೋದೋ ಬಿಡೋದೋ ಅಂತ ಮಾತು ಬಂತು. ನಮ್ಮ ಮುತ್ತಜ್ಜಿ ಹೇಳಿದ್ಳಂತೆ, ನಮ್ಮ ರಾಗಿ ಮೇಲೆ ಕೂತೋನು ನಮ್ಮ ರಾಗಿ ಬೀಸಲಿ ಅಂತ. ಎರಡು ದಿನ ಬೀಸಿದ. ಕೈಯೆಲ್ಲ ಬೊಬ್ಬೆ. ಮೂರನೇ ದಿನ ತಲೆ ಮೇಲೊಂದು ಕುಂಬಳಕಾಯಿ ಹೊರಿಸಿ, ಗಂಡಸರು ಬರೋ ಹೊತ್ತಾಯ್ತು, ಓಡು ಅಂದ್ರು. ಓಡಿದ. ಆ ಪದ ನಂದಲ್ಲ ಅಕ್ಕ, ನಮ್ಮ ಮುತ್ತಜ್ಜೀದು.”

ದನ ಬಿಟ್ಟರೆ ಬೇರೇನನ್ನೂ ಮುಟ್ಟದ ತಾತ ಮನೆಯ ಹಿತ್ತಲಲ್ಲಿ ಒಂದು ಕುಂಬಳದ ಬಳ್ಳಿಯನ್ನು ಮಾತ್ರ ತಾನೇ ನೀರೆರೆದು ಬೆಳೆಸುತ್ತಿದ್ದ. ಪ್ರತಿ ವರ್ಷ ಬೀಜವನ್ನು ತಾನೇ ಒಣಗಿಸಿ ಎತ್ತಿಡುತ್ತಿದ್ದ. ಹೆಂಗಸರ ಕೆಲಸ ಎಂದು ಅಣ್ಣತಮ್ಮಂದಿರು ಆಡಿಕೊಂಡರೂ ಬಿಡಲಿಲ್ಲ. ಅಜ್ಜಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಅವಳು ಪ್ರತಿ ಸೀನಿಗೂ ಕಾದು ಕುಳಿತಿರುತ್ತಿದ್ದಳು.

ನಗು ಮೊದಲು ಎಲಿನಾಲಳ ಹೊಟ್ಟೆಯಲ್ಲಿ ಅಲುಗಾಡಿತು, ಆಮೇಲೆ ಹೆಗಲಿಗೆ ಬಂತು. ತಾತನಂತೆಯೇ ಅವಳಿಗೂ ಅದು ಕೆಮ್ಮಾಯಿತು. ಯಾರೋ ನೀರು ತಂದುಕೊಟ್ಟರು. ಕಣ್ಣೊರೆಸಿಕೊಂಡು ಅಜ್ಜಿಯ ಮಾತನ್ನು ಹೇಳಿದಳು, ಕುಂಬಳದ ಬಳ್ಳಿಯ ಸಂಗತಿ ಹೇಳಿದಳು. ಮುದ್ರಣಾಲಯವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಸೊಂದೆ ಮಾತ್ರ ಬಾಯಿ ತೆರೆದು ನಿಂತಿದ್ದ.

“ಅಂದ್ರೆ ನಮ್ಮ ಮುತ್ತಜ್ಜಿ...”

“ಹೂಂ ಕಣೋ. ಅವಳು ಬಿಡದೇ ಇದ್ರೆ ನಾನೆಲ್ಲಿರ್ತಿದ್ದೆ, ನೀನು ತಿದ್ದೋ ಪುಸ್ತಕ ಎಲ್ಲಿರ್ತಿತ್ತು. ಕಾಗದ ಕೊಡು.”

“ಶುಕ್ರವಾರ ಅಚ್ಚು ಅಕ್ಕ.”

“ಇವತ್ತು ಬುಧವಾರ. ಕೊಡು ಅಂದ್ನಲ್ಲ.”

ಅಲ್ಲೇ ಬೆಂಚಿನ ತುದಿಯಲ್ಲಿ ಕುಳಿತು ಎಂಟನೆಯ ಸಲ ಕೊನೆಯ ಅಧ್ಯಾಯ ಬರೆದಳು. ‘ಕತ್ತಲಾಯಿತು’ ಎಂಬುದನ್ನು ತಾನೇ ಹೊಡೆದಳು. ‘ಹಾಡುಹಗಲಲ್ಲಿ ನಮ್ಮ ಪಡೆ ಓಡಿತು’ ಎಂದು ಶುರುಮಾಡಿದಳು. ಪೆನ್ನು ನಿಲ್ಲಲೇ ಇಲ್ಲ. ಬೀಸುವ ಕಲ್ಲು ಬಂತು, ಬೊಬ್ಬೆ ಬಂತು, ಹೆಂಗಸರ ನಗು ಬಂತು. ಮುತ್ತಜ್ಜಿಯ ಹೆಸರೇನು ಎಂದು ಕೇಳಿದಳು. ಚಿತಿಂಬ ಎಂದ ಕಸೊಂದೆ. ಚಿತಿಂಬಳೂ ಬಂದಳು. ಬರೆದ ಹಾಳೆಯನ್ನು ಮಸಿ ಆರುವ ಮುಂಚೆಯೇ ಒಯ್ದು ಮೊಳೆ ಜೋಡಿಸುತ್ತಿದ್ದರು. ಜೋಡಿಸುವವನು ನಕ್ಕು ನಕ್ಕು ಒಂದು ಸಾಲನ್ನೇ ನೆಲಕ್ಕೆ ಚೆಲ್ಲಿ ಬೈಸಿಕೊಂಡ.

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಕಸೊಂದೆ ಮೂಗು ಮುಚ್ಚಿಕೊಂಡ. ಆಮೇಲೆ ಪತ್ರಿಕೆಯ ಮರೆಯಲ್ಲಿ ಒಂದು ಇಲಿಯನ್ನು ಮೂಳೆ ಸಮೇತ ಮುಗಿಸಿದ. ಎಲಿನಾಲ ನೋಡಿಯೂ ನೋಡದ ಹಾಗಿದ್ದಳು. ಅದನ್ನು ಮುಂದಿನ ಸಲಕ್ಕೆ ಎತ್ತಿಟ್ಟುಕೊಂಡಳು.

ಕೊನೆಯ ಸಾಲು ಬರೆಯುವಾಗ ಕಾಗದದ ಧೂಳು ಮೂಗಿಗೆ ಹೋಗಿ ಅವಳಿಗೆ ಒಂದು ದೊಡ್ಡ ಸೀನು ಬಂತು.

“ಮೆಲ್ಲಗೆ ಅಕ್ಕ” ಎಂದ ಕಸೊಂದೆ ಆ ಕಡೆಯಿಂದ. “ಬೆಂಬದವರಿಗೆ ಕೇಳೀತು.”

“ಕೇಳಲಿ ಅಂತ್ಲೇ ಬರೀತಿರೋದು.”

“ಅದಿರಲಿ, ಆ ಕೋಳಿ ವಿಷಯ ಏನು ಮಾಡಿದ್ರಿ?”

“ಚಿಪಾಟಕ್ಕೆ ಬಾ, ಕೊಡ್ತೀನಿ” ಎಂದಳು ಎಲಿನಾಲ. “ಆದ್ರೆ ನಮ್ಮ ಮನೇಲಿ ಎರಡು ದಿನ ಜೋಳ ಬೀಸಬೇಕು.”