ಆಪರೇಷನ್ ಆದ ಮೇಲೆ

ಕುರಿದೊಡ್ಡಿಯ ಹಿಂದೆ ಸೊಸೆ ಸುಜಾತಾ ವಾಂತಿ ಮಾಡಿಕೊಳ್ಳುವುದನ್ನು ಕೆಂಪವ್ವ ಮತ್ತೆ ಕಂಡಳು. ಹಿಕ್ಕೆ ಗುಡಿಸುತ್ತಿದ್ದ ಕಸಬರಿಗೆ ಕೈಯಲ್ಲೇ ನಿಂತಿತು. ಅದು ಎಂಥ ವಾಂತಿಯೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಮಗ ಭೀಮಸಿ ದೀಪಾವಳಿ ಮುಗಿಯುತ್ತಲೇ ಅಥಣಿಗೆ ಹೋಗಿ ಗಂಡಸರ ಆಪರೇಷನ್ ಮಾಡಿಸಿಕೊಂಡು ಬಂದಿದ್ದ. ಎರಡು ಮಕ್ಕಳು ಸಾಕು, ಸುಜಾತಾಳ ಮೈಯಲ್ಲಿ ರಕ್ತ ಕಡಿಮೆ, ನನಗೇ ಆಗಲಿ ಎಂದಿದ್ದ. ಈಗ ಸಂಕ್ರಾಂತಿ ಹತ್ತಿರ ಬಂದಿತ್ತು.

ಅಂದಿನಿಂದ ಕೆಂಪವ್ವನ ಕಣ್ಣು ಸೊಸೆಯ ಬೆನ್ನು ಬಿಡಲಿಲ್ಲ. ಕುರಿಗೆ ಔಷಧ ತರುವ ಬಾಳಾಸಾಬನಿಗೆ ಚಹಾ ಕೊಡಲು ಇವಳೇ ಯಾಕೆ ಎದ್ದಳು? ಸುಜಾತಾ ತವರಿನವರೊಡನೆ ಮೊದಲಿನಿಂದಲೂ ಫೋನಿನಲ್ಲಿ ಮರಾಠಿಯಲ್ಲೇ ಮಾತನಾಡುತ್ತಿದ್ದಳು. ಈಗ ಅದೂ ಅತ್ತೆಯ ಕಿವಿಗೆ ಚುಚ್ಚತೊಡಗಿತು.

“ಕಣ್ಣ ತಗದ ನೋಡಲೇ ಭೀಮಸಿ. ನಿನ್ನ ಹೇಣ್ತಿ ಬಸರದಾಳ. ನೀ ಬೀಜ ಒಡಿಸ್ಕೊಂಡ ಬಂದಿ. ಮತ್ತ ಇದು ಯಾರದು?”

ಭೀಮಸಿ ಕಂಬಳಿ ಕೊಡವುತ್ತಲೇ ಇದ್ದ. ಊಟಕ್ಕೆ ಕುಳಿತಾಗ ಮಾತ್ರ ಹೆಂಡತಿ ಬಡಿಸಿದ ರೊಟ್ಟಿ ಮುಟ್ಟಲಿಲ್ಲ. ಮರುದಿನ ಕೆಂಪವ್ವ ಬೀಗರಿಗೆ ಫೋನ್ ಹಚ್ಚಿಸಿ, ನಿಮ್ಮ ಹುಡುಗಿಯನ್ನು ಕರೆದುಕೊಂಡು ಹೋಗಿ ಎಂದಳು. ಓಣಿಗೆಲ್ಲ ಕೇಳಿಸಿತು.

ಸುಜಾತಾ ಅಳಲಿಲ್ಲ. “ಹೋಗತೇನ್ರಿ ಅತ್ತಿ. ಮೊದಲ ಇವರ ಆಪರೇಷನ್ ಮಾಡಿದ ಡಾಕ್ಟರಬಾಯಿ ಕಡೆ ತಾಯಿ ಮಗಾ ಇಬ್ಬರೂ ಬರ್ರಿ. ಅವರ ಮಾತು ಕೇಳಿನ ಹೋಗತೇನಿ.”

ಸೊಸೆಯ ಸುಳ್ಳು ಹಿಡಿಯಲೆಂದೇ ಕೆಂಪವ್ವ ಮಗ ಸೊಸೆಯೊಡನೆ ಅಥಣಿಯ ಬಸ್ಸು ಹತ್ತಿದಳು. ಡಾಕ್ಟರ್ ಉಜ್ವಲಾ ಮೊದಲು ಭೀಮಸಿಯ ವೀರ್ಯದ ತಪಾಸಣೆ ಮಾಡಿಸಿದರು. ಆಮೇಲೆ ಒಂದು ಚಿತ್ರ ಬರೆದು ಕೆಂಪವ್ವನ ಮುಂದಿಟ್ಟರು.

“ಯವ್ವಾ, ಬೀಜ ಒಡದಿಲ್ಲ. ಎರಡೂ ಅಲ್ಲೇ ಅದಾವ, ತಮ್ಮ ಕೆಲಸ ಮಾಡಾಕತ್ತಾವ. ಅಲ್ಲಿಂದ ವೀರ್ಯಾಣು ಮ್ಯಾಲ ಬರೂ ನಳಿಗಿ ಅಷ್ಟ ಕತ್ತರಿಸಿ ಕಟ್ಟೇವಿ. ಆದ್ರ ಕತ್ತರಿಸೂಕಿಂತ ಮೊದಲ ದಾಟಿ ಹೋಗಿದ್ದು ಮುಂದಿನ ನಳಿಗ್ಯಾಗ ಉಳದಿರತೈತಿ. ಖಾಲಿ ಆಗಾಕ ಮೂರು ತಿಂಗಳರ ಬೇಕು. ನಿಮ್ಮ ಮಗಂದು ಇವತ್ತಿಗೂ ಖಾಲಿ ಆಗಿಲ್ಲ, ನಾನ ನೋಡೇನಿ.”

ಕೆಂಪವ್ವ ಚಿತ್ರವನ್ನೇ ದಿಟ್ಟಿಸಿದಳು. ಬೀಜ ಒಡೆದ ಟಗರನ್ನು ಗಾಯ ಮಾಯ್ದರೂ ಕೆಲವು ವಾರ ಹೆಣ್ಣು ಕುರಿಗಳೊಳಗೆ ಬಿಡಬಾರದೆಂದು ಅವಳ ಮಾವ ಹೇಳುತ್ತಿದ್ದ. ಒಮ್ಮೆ ಅವಸರಕ್ಕೆ ಬಿಟ್ಟಾಗ ಕುರಿ ಗಬ್ಬವಾಗಿದ್ದನ್ನು ಅವಳೇ ನೋಡಿದ್ದಳು. ಆ ಕುರಿಯ ಮೇಲೆ ಯಾರೂ ಸಂಶಯಪಟ್ಟಿರಲಿಲ್ಲ.

“ಅಲ್ಲೀತನಕಾ ನಿರೋಧ ಬಳಸು, ಆಮ್ಯಾಲ ತಪಾಸಣಿಗೆ ಬಾ ಅಂತ ಹೇಳಿ ಕಳಿಸಿದ್ವಿಲ್ಲೋ?” ಡಾಕ್ಟರು ಭೀಮಸಿಯನ್ನು ಕೇಳಿದರು.

“ಹೇಳಿದ್ರಿ. ನೀವು ಕೊಟ್ಟ ನಿರೋಧ ಬಸ್ಸಿನ ಕಿಡಕ್ಯಾಗಿಂದ ಒಗದ್ನಿರಿ. ಮನ್ಯಾಗ ಯಾರರ ನೋಡಿ ನಕ್ಕಾರಂತ.”

“ನನಗರ ಒಂದ ಮಾತ ಹೇಳಬೇಕಿತ್ತು,” ಎಂದಳು ಸುಜಾತಾ. ಮೂವರೂ ಬಸ್ಸು ಹಿಡಿದು ತಮ್ಮೂರು ಐಗಳಿಗೆ ಮರಳಿದರು.

ಸುಜಾತಾಳ ಅಣ್ಣ ಸಂದೇಶ ಆಗಲೇ ಬಂದು ಕಟ್ಟೆಯ ಮೇಲೆ ಕುಳಿತಿದ್ದ. ನೆರೆಮನೆಯ ಸಾವಿತ್ರೆವ್ವ ಕಾಳು ಹಸನು ಮಾಡುವ ನೆಪದಲ್ಲಿ ಬಾಗಿಲಿಗೆ ಬಂದಿದ್ದಳು. ಸುಜಾತಾ ಒಳಗೆ ಹೋಗದೆ ಅಣ್ಣನ ಪಕ್ಕ ನಿಂತಳು.

“ತಪ್ಪ ಮಾತ ಹೇಳಿ ನಿನ್ನ ಕರಿಸೇನಪಾ,” ಎಂದಳು ಕೆಂಪವ್ವ. ಆಮೇಲೆ ಮಗನ ಕಡೆ ತಿರುಗಿದಳು. “ಏನಾಗೇತಿ, ನೀನ ಹೇಳು.”

ಭೀಮಸಿ ನೆಲ ನೋಡುತ್ತ ಶುರು ಮಾಡಿದ. ಬಸ್ಸಿನ ಕಿಟಕಿಯ ಮಾತು ಬಂದಾಗ ದನಿ ತೀರ ಸಣ್ಣದಾಯಿತು.

“ಜೋರ ಹೇಳಲೇ,” ಎಂದಳು ಕೆಂಪವ್ವ. “ಆಕಿ ಮ್ಯಾಲ ಹೇಳೂಮುಂದ ನಾ ಏನ ಸಣ್ಣ ದನಿಲೆ ಹೇಳಿಲ್ಲ.”