ಕೆಳಗೆ ಬರೆಯಿರಿ

ಕೊರಟಗೆರೆಯ ಸಂಘಮಿತ್ರಾಳ ಇಮೇಲಿನ ನಾಲ್ಕು ಸಾಲುಗಳನ್ನು ನಾಗಭೂಷಣ್ ಮೇಲಿನಿಂದ ಕತ್ತರಿಸಿ, ಹಿಂದಿನವರ ಮಾತುಗಳೆಲ್ಲ ಮುಗಿದಲ್ಲಿ, ತೀರ ತಳದಲ್ಲಿ ಅಂಟಿಸಿದ. 'ಇತರರ ಮಾತಿನ ಮೇಲೆ ಬರೆಯಬೇಡಿ ಮೇಡಂ. ದಯವಿಟ್ಟು ಕೆಳಗೆ ಬರೆಯಿರಿ' ಎಂದು ಸೇರಿಸಿ ಗುಂಪಿಗೆಲ್ಲ ಕಳಿಸಿದ.

ಸುತ್ತಿನ ತಾಲ್ಲೂಕುಗಳ ವಿಜ್ಞಾನ ಶಿಕ್ಷಕರ ಮೇಲಿಂಗ್ ಲಿಸ್ಟ್ ಅದು, ಒಬ್ಬರು ಬರೆದ ಇಮೇಲು ಎಲ್ಲರಿಗೂ ಹೋಗುವ ಗುಂಪು. ವಾಟ್ಸಾಪಿನ ಗದ್ದಲ ಬೇಡವೆಂದು ಅವನೇ ಕಟ್ಟಿದ್ದು. ಮಧುಗಿರಿಯ ಕಾಲೇಜಿನಲ್ಲಿ ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಅವನ ನಿಯಮಗಳಿದ್ದವು.

ಬೆಳಗ್ಗೆಯೆಲ್ಲ ಅದೇ ಜಗಳ. ಫೋನಿನಲ್ಲಿ ತಳದವರೆಗೆ ತಳ್ಳಿ ಬೆರಳು ಸವೆಯುತ್ತದೆ ಎಂದು ಪಾವಗಡದ ತಿಮ್ಮರಾಜು ಬರೆದ. ಶಿರಾದ ಪ್ರಭುದೇವ್, ಎಂದಿನಂತೆ ಎಲ್ಲರಿಗಿಂತ ಮೇಲೆ, ಒಂದು ನಗುವ ಮುಖ ಇಟ್ಟ. ನಾಗಭೂಷಣ್ ಸಾವಧಾನವಾಗಿ, ಒಂದು ಬಗೆಯ ಸುಖದಲ್ಲಿ, ಎಲ್ಲರಿಗೂ ಉತ್ತರಿಸಿದ.

ಕೊನೆಗೆ ಸಂಘಮಿತ್ರಾಳ ಒಂದೇ ಸಾಲು ಬಂತು, ಎಲ್ಲಕ್ಕಿಂತ ಕೆಳಗೆ: 'ಇಲ್ಲಿ ಸರಿಯಿದೆಯಾ ಸಾರ್?'

'ಸರಿಯಿದೆ. ಧನ್ಯವಾದ.'

ಎದ್ದು ಕಿಟಕಿಯಲ್ಲಿ ನಿಂತ. ಬೋಳು ಬೆಟ್ಟ ಎಂದಿನಂತೆ ಅಡ್ಡ ನಿಂತಿತ್ತು. ಫೋನು ಬಡಿದುಕೊಂಡಿತು. ಪ್ರಭುದೇವ್.

"ಎಂಥಾ ಹಾಳೆ ಕಳ್ಸಿದ್ರೀ ನಾಗಭೂಷಣ್? ಕ್ಲಾಸಲ್ಲಿ ಒಂದ್ ಹುಡುಗಿ ಮುಖಕ್ಕೆ ಆಸಿಡ್ ಸಿಡಿದ್ಬುಡ್ತು."

"ಯಾವ ಹಾಳೆ?"

"ನಿಮ್ದೇ ಪ್ರಯೋಗದ ಹಾಳೆ ಕಣ್ರೀ, ನಿನ್ನೆ ಗುಂಪಿಗೆ ಹಾಕಿದ್ದು. ನಾನು ಗಣಿತದೋನು, ವಿಜ್ಞಾನಾನೂ ನನ್ ತಲೆಗೇ ಕಟ್ಟವ್ರೆ, ಅದ್ರಲ್ಲಿದ್ದಂಗೆ ಮಾಡಿಸ್ದೆ. ಈಗ ನೋಡಿದ್ರೆ ಆಯಮ್ಮ ಬೆಳಗ್ಗೇನೇ ತಪ್ಪೈತೆ ಅಂತ ಬರೆದವ್ರೆ. ಅಷ್ಟು ಕೆಳಗೆ ಯಾರು ನೋಡ್ತಾರ್ರೀ?"

"ಮೇಲೆ ಬರೆದಿದ್ದರು. ಅದಕ್ಕೇ..."

"ನಾನೂ ಮೇಲೇ ಬರೀತೀನಲ್ಲ. ನಂಗ್ಯಾಕೆ ಒಂದಿನಾನೂ ಹೇಳ್ಲಿಲ್ಲ ನೀವು?"

ಗೇಲಿಯೋ ಸಿಟ್ಟೋ ತಿಳಿಯುವ ಮೊದಲೇ ಫೋನು ಕಟ್ಟಾಯಿತು.

ನಾಗಭೂಷಣ್ ತನ್ನವೇ ವಾಕ್ಯಗಳನ್ನು ದಾಟಿಕೊಂಡು ತಳಕ್ಕೆ ಇಳಿದ.

'ಹಾಳೆಯಲ್ಲಿ ತಪ್ಪಿದೆ. ಆಮ್ಲಕ್ಕೆ ನೀರು ಸುರಿಯಬಾರದು, ಸಿಡಿಯುತ್ತದೆ. ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವೇ ಹಾಕಬೇಕು. ಇವತ್ತು ಮಾಡಿಸುವವರು ದಯವಿಟ್ಟು ನಿಲ್ಲಿಸಿ.'

ತಾನೇ ಕತ್ತರಿಸಿ ತಾನೇ ಅಂಟಿಸಿದ್ದ ಸಾಲುಗಳು. ಓದಿರಲಿಲ್ಲ. ಆ ಗಾಬರಿಯಲ್ಲೂ ಅವನಿಗೆ ಮೊದಲು ಕಂಡದ್ದು ಕಾಗುಣಿತ ಸರಿಯಿದೆ ಎಂಬುದು.

ನಿಲ್ದಾಣದಲ್ಲಿ ಶಿರಾ ಬಸ್ಸೂ ಕೊರಟಗೆರೆ ಬಸ್ಸೂ ಪಕ್ಕಪಕ್ಕ ನಿಂತಿದ್ದವು. ಅವನು ಕೊರಟಗೆರೆಯದನ್ನು ಹತ್ತಿದ. ಪ್ರಭುದೇವ್ ಅವನ ಮನೆಯಲ್ಲಿ ಉಣ್ಣುವವನು, ನೆಂಟ. ಸಂಘಮಿತ್ರಾಳ ಕೇರಿ ಯಾವುದೆಂದು ಅವನು ಎಂದೂ ಕೇಳಿರಲಿಲ್ಲ. ಹೆಸರು ನೋಡಿಯೇ ತಿಳಿದುಕೊಂಡಿದ್ದ. ಹಾಗೆ ತಿಳಿದುಕೊಂಡಿದ್ದೆ ಎಂಬುದು ಈಗ ತಿಳಿಯಿತು. ಇನ್ನೊಂದೂ ಹೊಳೆಯಿತು: ಈ ಗುಂಪು ಯಾರದು ಎಂದು ನಾಳೆ ಯಾರಾದರೂ ಕೇಳುತ್ತಾರೆ. ಜೇಬಿನಿಂದ ಚೀಟಿ ತೆಗೆದು ಏನನ್ನೋ ಬರೆದುಕೊಂಡ.

ಶಾಲೆಯ ಲ್ಯಾಬಿನಲ್ಲಿ ಸಂಘಮಿತ್ರಾ ಒಬ್ಬಳೇ ಸೀಸೆಗಳನ್ನು ಬೀರುವಿಗೆ ಎತ್ತಿಡುತ್ತಿದ್ದಳು. ಸುದ್ದಿ ಆಗಲೇ ಮುಟ್ಟಿತ್ತು.

"ಆ ಮಗು ಹೆಂಗೈತೆ ಸಾರ್?"

ಅವನು ಕೇಳಿರಲಿಲ್ಲ. "ಇದೆ," ಎಂದ.

"ಕಣ್ಣು?"

ಅವನು ಚೀಟಿಯನ್ನು ಮೇಜಿನ ಮೇಲಿಟ್ಟ.

"ಗುಂಪಿನ ಪಾಸ್‌ವರ್ಡ್. ಇನ್ನು ನೀವೇ ನಡೆಸಿ ಮೇಡಂ. ಎಲ್ಲಿ ಬೇಕಾದರೂ ಬರೆಯಿರಿ. ಮೇಲೇ ಬರೆಯಿರಿ."

ಆಕೆ ಚೀಟಿಯನ್ನು ನೋಡಿದಳು. ಅವನನ್ನು ನೋಡಿದಳು.

"ಬ್ಯಾಡ."

ಸೀಸೆ ಇಟ್ಟಿದ್ದ ಜಾಗದಲ್ಲಿ, ಚೀಟಿಯ ಅಡಿಗೆ, ಒದ್ದೆಯ ಉಂಗುರವೊಂದು ಉಳಿದಿತ್ತು. ಚೀಟಿ ತಳದಿಂದ ಕಂದಾಗುತ್ತ, ಅಕ್ಷರ ಅಕ್ಷರವಾಗಿ ಕಪ್ಪಾಗುತ್ತ ಬಂತು. ಅವನು ಕೈ ಚಾಚಿದ.

"ಮುಟ್ಟಬ್ಯಾಡಿ ಸಾರ್," ಎಂದಳು. "ಕೆಳಗೆ ಆಸಿಡ್ ಐತೆ."