ಕರಡಿಗೆಯ ಪಕ್ಕದ ಬಿಲ್ಲೆ

ವೈದ್ಯ ಓದದವರು ಎದೆಯ ವಿಷಯ ಎತ್ತಬಾರದು. ಎತ್ತಿದ್ದಕ್ಕೆ ತಿಳಿದವರು ಕ್ಷಮಿಸಬೇಕು. ತಪ್ಪಿದ್ದಲ್ಲಿ ತಿದ್ದಿಕೊಂಡು, ರುದ್ರಾಣಿಯ ಸಿಟ್ಟನ್ನಾದರೂ ಇದ್ದ ಹಾಗೆ ಕೇಳಿಸಿಕೊಳ್ಳಬೇಕು.

"ಹಸ್ರು ಬಂದೈತೆ ಅಂದ್ರೆ ಹಸ್ರು. ಇನ್ನೇನು ಬೇಕು ನಿಂಗೆ? ಕೆಂಪು ಬರ್ಬೇಕಿತ್ತಾ?" ಎಂದು ಗಂಡ ಷಣ್ಮುಖಪ್ಪ ರೊಟ್ಟಿ ಮುರಿದ.

ರುದ್ರಾಣಿ ಸೌಟನ್ನು ಪಲ್ಯದ ಪಾತ್ರೆಗೆ ಕುಕ್ಕಿದಳು. ಚನ್ನಗಿರಿಯಲ್ಲಿ ಗಂಡನದು ಅಡಿಕೆ ವ್ಯಾಪಾರ. ಕೆಳಗೆ ಅಂಗಡಿ, ಮೇಲೆ ಮನೆ. ಯುಗಾದಿ ಕಳೆದಾಗಿನಿಂದ ಆ ಮೆಟ್ಟಿಲು ಹತ್ತುವಾಗ ಅವಳು ನಡುವೆ ಕೂರುತ್ತಿದ್ದಳು. ಎದೆಯ ಮೇಲೆ ಯಾರೋ ಮೂಟೆ ಇಳಿಸಿದ ಹಾಗಾಗುತ್ತಿತ್ತು. ಮೊದಲು ಗ್ಯಾಸ್ ಅಂದರು. ಜೀರಿಗೆ ಕಷಾಯ ಕುಡಿದಳು. ಆಮೇಲೆ ಮುಟ್ಟು ನಿಲ್ಲುವ ವಯಸ್ಸು ಅಂದರು. ಅದಕ್ಕೆ ಕಷಾಯವನ್ನೂ ಹೇಳಲಿಲ್ಲ. ದಾವಣಗೆರೆಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದಾಗಲೆಲ್ಲ ಷಣ್ಮುಖಪ್ಪ, "ಸೀಸನ್ ಮುಗೀಲಿ" ಎನ್ನುತ್ತಿದ್ದ.

ಅಷ್ಟರಲ್ಲಿ ಊರಿಗೆ ಹೃದಯ ತಪಾಸಣೆಯ ಶಿಬಿರ ಬಂತು. ಎದೆಯ ಮೇಲೆ ಬಿಲ್ಲೆಯಂಥದ್ದೊಂದನ್ನು ಅಂಟಿಸುತ್ತಾರೆ. ಗುಂಡಿಗೆ ಬಡಿದಾಗ ಎದೆಗೂಡು ಅದುರುವುದನ್ನು ಅದು ಹಿಡಿಯುತ್ತದೆ. ಅನುಮಾನವಿದ್ದರೆ ಮೊಬೈಲಿನಲ್ಲಿ ಕೆಂಪು, ಇಲ್ಲವಾದರೆ ಹಸಿರು. ಕೆಂಪಿನವರಿಗೆ ದಾವಣಗೆರೆಗೆ ಚೀಟಿ. ರುದ್ರಾಣಿಗೆ ಹಸಿರು ಬಂದಿತ್ತು.

"ಮಿಷನ್ ಸುಳ್ಳು ಹೇಳಲ್ಲ ಕಣೆ."

"ನಾನು ಹೇಳ್ತೀನಾ?"

"ಮಜ್ಜಿಗೆ ಹಾಕು," ಎಂದ ಷಣ್ಮುಖಪ್ಪ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ ಪೂಜೆಗೆ ಕೂತಳು. ಕೊರಳ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡಳು. ಕಣ್ಣು ಮುಚ್ಚಿದರೆ ಮಂತ್ರ ಬರಲಿಲ್ಲ. ಶಿಬಿರದ ಬೆಂಚು ಬಂತು. ಅಂಗಾತ ಮಲಗಿದ್ದಾಳೆ. ಬಿಲ್ಲೆ ಅಂಟಿಸುವ ಹುಡುಗ ಅರುಣ್ ಕುಮಾರ್ ಸರ ತೆಗೆಯಿರಿ ಅನ್ನುತ್ತಾನೆ. ತೆಗೆಯುತ್ತಾಳೆ. ಲಿಂಗ ಮಾತ್ರ ತೆಗೆಯಲ್ಲ ಅನ್ನುತ್ತಾಳೆ. "ಅಯ್ಯೋ ಬ್ಯಾಡ್ರೀ, ಬ್ಯಾಡ್ರೀ, ನಮ್ಮನ್ಯಾಗೂ ಕಟ್ಟಿರ್ತಾರೆ," ಎಂದು ಅವನು ಕೈಮುಗಿದು, ಮುಖ ಅತ್ತ ತಿರುಗಿಸಿ, ಕರಡಿಗೆಯ ಪಕ್ಕಕ್ಕೇ ಬಿಲ್ಲೆ ಒತ್ತುತ್ತಾನೆ. ಉಸಿರೆಳೆದಾಗಲೆಲ್ಲ ಬೆಳ್ಳಿ ಆ ಬಿಲ್ಲೆಗೆ ತಾಗುತ್ತದೆ. ಟಿಕ್. ಟಿಕ್.

ಅವಳು ಕಣ್ಣು ತೆರೆದಳು. ದಿನಾ ಬೆಳಿಗ್ಗೆ ಕೊರಳಿಂದ ಇಳಿಸಿ ಕೈಗೆ ತೆಗೆದುಕೊಳ್ಳುವ ಲಿಂಗ! ಅವತ್ತೂ ಹಿಂಗೇ ಅಂಗೈಯಲ್ಲಿ ಹಿಡಿದು ಮಲಗಿದ್ದರೆ ಆಗುತ್ತಿರಲಿಲ್ಲವೇ? ಅವನಿಗೂ ಹೊಳೆಯಲಿಲ್ಲ, ತನಗೂ ಹೊಳೆಯಲಿಲ್ಲ. ಇಬ್ಬರೂ ಭಕ್ತರು! ಸಿಟ್ಟು ಅಂಗಾಲಿಂದ ನೆತ್ತಿಗೇರಿತು. ಗಂಡನ ಮೇಲೆ, ಆ ಹುಡುಗನ ಮೇಲೆ, ನಾಚಿಕೊಂಡು ಮಲಗಿದ್ದ ತನ್ನ ಮೇಲೆ.

ಶಿಬಿರ ಆಗಲೇ ಹೊನ್ನಾಳಿಗೆ ಹೋಗಿತ್ತು. ಅಂಗಡಿಯ ಮುಂದೆ ಹಾಯುವಾಗ, "ಅನ್ನ ಕುಕ್ಕರ್‌ನಾಗೆ ಐತೆ, ಹಾಕ್ಕೊಂಡು ಉಣ್ರಿ," ಎಂದಷ್ಟೇ ಹೇಳಿ ಬಸ್ ಹತ್ತಿದಳು.

ಹೊನ್ನಾಳಿಯಲ್ಲಿ ಸಾಲು ಉದ್ದವಿತ್ತು. ಮುಂದೆ ನಿಂತಿದ್ದ ಸಾಸ್ವೆಹಳ್ಳಿಯ ಓಬವ್ವ, ಗದ್ದೆ ಕೆಲಸ ಬಿಟ್ಟು ಬಂದವಳು, ವಿಷಯ ಕೇಳಿ ನಕ್ಕಳು. "ಒಂದೇ ಎದೆ ಎರಡೂರಾಗ ತೋರ್ಸಾಕೆ ಬಂದಿಯಾ ಅಕ್ಕಾ?"

"ಎದೆ ಒಂದೇ ಇರಾದು. ಅದಕ್ಕೇ ಬಂದೀನಿ."

ಓಬವ್ವ ನಗು ನಿಲ್ಲಿಸಿದಳು. "ನೀ ಮುಂದೆ ಹೋಗು," ಎಂದು ತನ್ನ ಜಾಗ ಬಿಟ್ಟಳು.

ಅರುಣ್ ಕುಮಾರ್ ಗುರುತು ಹಿಡಿದ. "ಅಮ್ಮಾ, ನಿಮ್ದು ಆಗೈತಲ್ರೀ. ನಾರ್ಮಲ್."

"ಯಾರ್ದು ನಾರ್ಮಲ್? ನನ್ನ ಗುಂಡಿಗೇದಾ, ಈ ಬೆಳ್ಳೀದಾ? ಟಿಕ್ ಟಿಕ್ ಅಂತಿದ್ದುದು ನಿಂಗೆ ಕೇಳ್ಲಿಲ್ವಾ?"

ಹುಡುಗನ ಕಿವಿ ಕೆಂಪಾಯಿತು. "ಲಿಂಗ ತಗೀರಿ ಅಂತ ಹೆಂಗೆ ಹೇಳಾಕೆ ಬರುತ್ರೀ…"

"ಕೈಯಾಗ ಹಿಡ್ಕಳ್ರಿ ಅನ್ನಾಕೆ ಬರ್ತಿರ್ಲಿಲ್ವಾ? ನಿಮ್ಮವ್ವ ದಿನಾ ಎಲ್ಲಿಟ್ಟು ಪೂಜೆ ಮಾಡ್ತಾರೆ? ಕೈಮುಗಿದಿ, ಮುಖ ತಿರುಗಿಸ್ದಿ, ಹಸ್ರು ಅಂದಿ. ಆ ಹಸ್ರು ಹಿಡ್ಕಂಡು ನನ್ನ ಗಂಡ ಮಜ್ಜಿಗೆ ಕೇಳ್ತಾನೆ!"

ಸಾಲೆಲ್ಲ ತಿರುಗಿ ನೋಡಿತು. ಉಸಿರು ಸಾಲದೆ ಅವಳು ಬೆಂಚಿನ ಅಂಚು ಹಿಡಿದಳು. ಅರುಣ್ ಕುಮಾರ್ ಪರದೆ ಎಳೆದ. ನರ್ಸ್ ಮಮತಾಳನ್ನು ಕರೆದು ಬಿಲ್ಲೆಯನ್ನು ಅವಳ ಕೈಗಿತ್ತು, ತಾನು ಹೊರಗೆ ನಿಂತ. ಉಸಿರು ಹದಕ್ಕೆ ಬರುವವರೆಗೂ ಮಮತಾ ಕಾದಳು.

ರುದ್ರಾಣಿ ಕರಡಿಗೆ ಕಟ್ಟಿದ ಶಿವದಾರವನ್ನು ಕೊರಳಿಂದ ತೆಗೆದು ಕಣ್ಣಿಗೊತ್ತಿಕೊಂಡಳು. ಕರಡಿಗೆಯನ್ನು ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿ ಮಲಗಿದಳು. ಬರಿ ಎದೆಯ ಮೇಲೆ ಬಿಲ್ಲೆ ತಣ್ಣಗೆ ಕೂತಿತು. ಚೀಲದಲ್ಲಿ ಫೋನು ಹೊಡೆದುಕೊಂಡಿತು.

"ಯಜಮಾನ್ರು ಇರ್ಬೇಕು," ಎಂದಳು ಮಮತಾ.

"ಉಪ್ಪಿನಕಾಯಿ ಎಲ್ಲೈತೆ ಅಂತ ಕೇಳಾಕೆ. ಹುಡುಕ್ಕಳ್ಳಿ ಬಿಡು."

ಶಿಬಿರದ ಮೊಬೈಲು ಕೆಂಪಾಯಿತು. ಮತ್ತೊಮ್ಮೆ ಅಂಟಿಸಿ ನೋಡಿದರೂ ಕೆಂಪು. "ಇದೇ ಕೊನೇ ಮಾತಲ್ರೀ, ಎಕೋ ಸ್ಕ್ಯಾನ್ ಮಾಡಿಸ್ಬೇಕು," ಎಂದು ಅರುಣ್ ಕುಮಾರ್ ಪರದೆಯ ಆಚೆಯಿಂದಲೇ ಹೇಳಿ ಚೀಟಿ ಬರೆದುಕೊಟ್ಟ.

ಅವಳು ಚನ್ನಗಿರಿಯ ಬಸ್ ಹತ್ತಲಿಲ್ಲ. ದಾವಣಗೆರೆಯ ಬಸ್ಸಿನ ಕಿಟಕಿ ಪಕ್ಕ ಕೂತು, ಕರಡಿಗೆಯನ್ನು ಮತ್ತೆ ಕೊರಳಿಗೆ ಹಾಕಿಕೊಂಡು, ಅದು ಅಲುಗದಂತೆ ಅಂಗೈ ಮುಚ್ಚಿ ಹಿಡಿದಳು. ಚೀಲದಲ್ಲಿ ಫೋನು ಇನ್ನೊಮ್ಮೆ ಹೊಡೆದುಕೊಂಡು ಸುಮ್ಮನಾಯಿತು.

ಮೊದಲ ದಿನದ ಹಸಿರು ಯಾವುದನ್ನು ಕೇಳಿ ಬಂದದ್ದು, ಗುಂಡಿಗೆಯನ್ನೋ ಬೆಳ್ಳಿಯನ್ನೋ, ಅರುಣ್ ಕುಮಾರನಿಗೂ ಗೊತ್ತಾಗಲಿಲ್ಲ. ದಾವಣಗೆರೆಯಲ್ಲಿ ಏನೆಂದರು ಎಂಬುದು ಇದನ್ನು ಹೇಳುತ್ತಿರುವವರಿಗೂ ತಿಳಿದಿಲ್ಲ.